ಯಾರಿಗೂ ಹೇಳದ ಮಾತಿಗೆ ಮೂರು ಅಂಕ

ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ, ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿ ಕೇಳಿದಳು: "ನಿಜ ಹೇಳು. ಕಣ್ಣಿನ ವಿಷಯ ನಿಮ್ಮ ಭಾವ ನಿನಗೇನಾದ್ರೂ ಹೇಳಿದ್ರಾ?"

"ಇಲ್ಲ," ಅಂದೆ.

ಅದಕ್ಕೆ ಐದೇ ನಿಮಿಷ ಮುಂಚೆ, ಅದೇ ಗೋಡೆಯ ಆಚೆ, ಭಾವ ನನ್ನ ಕೈ ಹಿಡಿದು ಅವಳಿಗೆ ಎಲ್ಲ ಹೇಳಿಬಿಡು ಎಂದು ಕೇಳಿಕೊಂಡಿದ್ದರು. ನಾನು ಹೂಂ ಎಂದಿದ್ದೆ. ಐವತ್ತೆರಡು ವರ್ಷದ ಗಂಡಸು ನಾನು. ಯಾರಾದರೇನು, ಮುಖಕ್ಕೆ ಹೊಡೆದಂತೆ ಮಾತಾಡುತ್ತಾನೆ ಎಂದು ಹೆಸರು ತೆಗೆದುಕೊಂಡವನು. ಅಕ್ಕನ ಎದುರು ನಾಲಿಗೆ ಏಳಲಿಲ್ಲ. ಯಾಕೆ ಏಳಲಿಲ್ಲ ಎಂದು ಮೊದಲಿನಿಂದ ಹೇಳುತ್ತೇನೆ. ಮಧ್ಯದಲ್ಲಿ ಒಂದು ಆಟದ ಸುದ್ದಿ ಬರುತ್ತದೆ, ನಗಬೇಡಿ.

ನಾನು ಹಲ್ಲಿನ ಸೆಟ್ಟು ಮಾಡುವವನು. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದರೊಳಗೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಗುಲಾಬಿ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ಕಟ್ಟಿಕೊಡುತ್ತೇನೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಉದ್ದನೆಯ ಕೋಣೆ ನನ್ನ ಕಾರ್ಖಾನೆ. ಎಲ್ಲಿ ಮುಟ್ಟಿದರೂ ಬಿಳಿ ಪುಡಿ. ಗೋಡೆಯ ಹಲಗೆಗಳ ಮೇಲೆ ಸಾಲು ಸಾಲು ದವಡೆಗಳು, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ನಂಬರು. ಮೊದಲ ಸಲ ಬಂದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಭಾವ ಮಾತ್ರ ಮೊದಲ ದಿನವೇ ಸುತ್ತ ನೋಡಿ, "ಏನೋ ಭಾಮೈದ, ಇಷ್ಟು ಬಾಯಿ ಇದ್ರೂ ಮಾತಾಡೋದು ನೀನೊಬ್ನೇನಾ?" ಎಂದು ಕೇಳಿದ್ದರು.

ಆ ಕೋಣೆಯಲ್ಲಿ ಹನ್ನೊಂದು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ನಾವು ನಾಲ್ಕು ಜನ ಆಡಿದೆವು. ಆಟ ಸುಲಭ. ಒಬ್ಬ ಆಟ ನಡೆಸುವವನು, ಅದು ನಾನು. ಕಾಡು, ಕೋಟೆ, ರಾಕ್ಷಸ, ಸತ್ತ ರಾಜ ಎಲ್ಲ ನನ್ನ ತಲೆಯೊಳಗಿನವು. ಉಳಿದ ಮೂವರು ಒಂದೊಂದು ಪಾತ್ರ ಕಟ್ಟಿಕೊಂಡು ಆ ಲೋಕದಲ್ಲಿ ಓಡಾಡುತ್ತಾರೆ. "ಮುಂದೊಂದು ಬಾಗಿಲಿದೆ, ಏನು ಮಾಡ್ತೀರಿ?" ಎಂದು ನಾನು ಕೇಳುತ್ತೇನೆ, ಅವರು ಹೇಳುತ್ತಾರೆ, ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಆಟದ ಕೊನೆಗೆ ಪ್ರತಿ ಪಾತ್ರಕ್ಕೂ ಅನುಭವದ ಅಂಕ. ಇಂತಿಷ್ಟು ಸೇರಿದರೆ ಒಂದು ಹಂತ ಮೇಲೆ. ಹಂತ ಏರಿದಷ್ಟೂ ಪಾತ್ರಕ್ಕೆ ಶಕ್ತಿ. ಸೋಲಿಲ್ಲ, ಗೆಲುವಿಲ್ಲ, ಮುಗಿಯುವುದೂ ಇಲ್ಲ. ಮೇಜಿನ ಮೇಲಿನ ಗೊಂಬೆಗಳನ್ನು ಮಿಕ್ಕ ಪ್ಲಾಸ್ಟರಿನಲ್ಲಿ ನಾನೇ ಎರಕ ಹೊಯ್ದಿದ್ದೆ.

ಒಬ್ಬರು ಟೀಚರ್, ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ಆಟದಲ್ಲಿ ಮಾಟಗಾತಿ. ಇನ್ನೊಬ್ಬ ಮೂಲೆಯ ಬೇಕರಿಯವನು, ಅವನನ್ನು ನಾವು ಕರೆಯುವುದೂ ಬೇಕರಿ ಎಂದೇ. ಆಟದಲ್ಲಿ ಕತ್ತಿವೀರ. ಸೊಳ್ಳೆ ಹೊಡೆಯಲೂ ಹಿಂದೆಮುಂದೆ ನೋಡುವ ಆಸಾಮಿ, ಮೇಜಿಗೆ ಕೂತರೆ ತಲೆ ಹಾರಿಸದೆ ಏಳುತ್ತಿರಲಿಲ್ಲ. ಮೂರನೆಯವರು ನನ್ನ ಅಕ್ಕನ ಗಂಡ, ಭಾವ. ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದವರು. ಒಂದು ಗೀರೂ ಬಿದ್ದಿಲ್ಲ ಎಂದು ಡಿಪೋದವರು ಕೊಟ್ಟ ಗಡಿಯಾರ ಅವರ ಕೈಯಲ್ಲಿ ಸದಾ ಇರುತ್ತಿತ್ತು. ಅವರ ಪಾತ್ರ ಅಂಬಿಗ. ಜಗತ್ತಿನಲ್ಲಿ ಏನು ಬೇಕಾದರೂ ಆಗಬಹುದು ಭಾವ, ರಾಜನಾಗಿ, ಹದ್ದಾಗಿ ಎಂದರೆ, "ಬೇಡಪ್ಪ, ಜನರನ್ನ ಈ ಕಡೆಯಿಂದ ಆ ಕಡೆ ದಾಟಿಸೋದು ನಂಗೆ ಬರುತ್ತೆ, ಅದೇ ಸಾಕು" ಎಂದರು. ಸಿಟ್ಟು ಬಂತು ನನಗೆ. ಭಾನುವಾರವೂ ಬಸ್ಸೇ ಓಡಿಸುತ್ತೇನೆಂದರೆ ಆಟಕ್ಕೆ ಯಾಕೆ ಬರಬೇಕು?

ತಕರಾರೆಲ್ಲ ಶುರುವಾದದ್ದು ಅಂಕದಿಂದ. ಮೊದಮೊದಲು ಕೊಂದವರಿಗೆ ಅಂಕ. ಬೇಕರಿ ಕೊಂದು ಕೊಂದು ಏಳನೇ ಹಂತಕ್ಕೆ ಏರಿದ, ಭಾವನ ಅಂಬಿಗ ಎರಡರಲ್ಲೇ ಉಳಿದ. ರಾಕ್ಷಸನನ್ನೂ ದೋಣಿ ಹತ್ತಿಸಿಕೊಂಡು ಆಚೆ ದಡಕ್ಕೆ ಬಿಟ್ಟು ಬರುವ ಮನುಷ್ಯನಿಗೆ ಯಾವ ಅಂಕ ಕೊಡುವುದು? ಟೀಚರ್ ನಿಯಮ ಬದಲಿಸಿ ಎಂದರು. ಸರಿ, ಸಿಕ್ಕ ಚಿನ್ನಕ್ಕೆ ಅಂಕ ಎಂದೆ. ಎರಡೇ ವಾರದಲ್ಲಿ ಮೂವರೂ ಕಳ್ಳರಾದರು. ಸತ್ತ ರಾಜನ ಬಾಯಿ ಬಿಡಿಸಿ ಬಂಗಾರದ ಹಲ್ಲು ಕೀಳಲು ಹೋದ ಬೇಕರಿ. ನನ್ನ ಕೋಣೆಯಲ್ಲಿ, ನನ್ನ ಎದುರಿಗೆ! ಅದನ್ನೂ ತೆಗೆದೆ. ಎಲ್ಲರಿಗೂ ಸಮ ಎಂದೆ. ಏನು ಮಾಡಿದರೂ ಸಿಗುವ ಅಂಕಕ್ಕೆ ಯಾರು ಕಷ್ಟಪಡುತ್ತಾರೆ? ಬೇಕರಿ ಗೊರಕೆ ಹೊಡೆದ. ಆಮೇಲೆ, ಯಾರು ಚೆನ್ನಾಗಿ ಆಡಿದರೆಂದು ನೀವೇ ಕೈಯೆತ್ತಿ ಹೇಳಿ ಎಂದೆ. ಅದಂತೂ ಮನೆ ಮುರುಕತನಕ್ಕೇ ಬಂತು. ಟೀಚರಿಗೂ ಬೇಕರಿಗೂ ಮಾತು ಬಿಟ್ಟುಹೋಗಿ ಮೂರು ಭಾನುವಾರ ನಾನೂ ಭಾವನೂ ಮುಖ ಮುಖ ನೋಡಿಕೊಂಡು ಚಹಾ ಕುಡಿದೆವು.

ಆಗ ಹೊಳೆದದ್ದು ಈ ಹಾಳು ನಿಯಮ. ಆಟದ ಕೊನೆಗೆ ಪಾತ್ರಗಳೆಲ್ಲ ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಕೂರುತ್ತವೆ. ಒಂದೊಂದು ಪಾತ್ರವೂ ಯಾರಿಗೂ ಹೇಳದ ಮಾತೊಂದನ್ನು ಹೇಳಬೇಕು. ಹೇಳಲು ಎಷ್ಟು ಕಷ್ಟವೋ ಅಷ್ಟು ಅಂಕ. ಒಂದು, ಎರಡು, ಅಪರೂಪಕ್ಕೆ ಮೂರು. ತೀರ್ಪು ನನ್ನದು. ಜೊತೆಗೆ ಇನ್ನೊಂದು ನಿಯಮ ಸೇರಿಸಿದೆ: ಬೆಂಕಿಯ ಮುಂದೆ ಹೇಳಿದ್ದನ್ನು ಮೇಜು ಬಿಟ್ಟೆದ್ದ ಮೇಲೆ ಯಾರೂ ಎತ್ತಬಾರದು, ಯಾರನ್ನೂ ಕೇಳಬಾರದು. ಇಲ್ಲದಿದ್ದರೆ ಬಾಯಿ ಬಿಡುವುದಿಲ್ಲವಲ್ಲ ಜನ.

ಅಬ್ಬಾ, ಆಟಕ್ಕೆ ಜೀವ ಬಂದುಬಿಟ್ಟಿತು. ಮೇಣದ ದೀಪವೊಂದನ್ನು ಮಧ್ಯಕ್ಕೆ ಇಟ್ಟರೆ ಅದೇ ಬೆಂಕಿ. ಮಾಟಗಾತಿ ತನ್ನ ಗುರುವಿಗೆ ತಾನೇ ವಿಷ ಹಾಕಿದ್ದು ಹೇಳಿದಳು, ಕತ್ತಿವೀರ ಯುದ್ಧದಲ್ಲಿ ತಮ್ಮನನ್ನು ಬಿಟ್ಟು ಓಡಿದ್ದು ಹೇಳಿ ಕಣ್ಣೊರೆಸಿಕೊಂಡ. ನಾನು ಅಚ್ಚು ಪರೀಕ್ಷಿಸುವ ಹಾಗೆ ಒಂದೊಂದು ಮಾತನ್ನೂ ತಿರುಗಿಸಿ ನೋಡಿ ಅಂಕ ಹಾಕುತ್ತಿದ್ದೆ. "ಇದು ಕಟ್ಟಿದ್ದು ಕಾಣುತ್ತೆ ಬೇಕರಿ, ಒಂದೇ." "ಟೀಚರ್, ಇದಕ್ಕೆ ಎರಡು, ಆದ್ರೆ ಕೊನೆ ವಾಕ್ಯ ಬೇಡವಿತ್ತು." ಎಲ್ಲವನ್ನೂ ಉದ್ದನೆಯ ನೀಲಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ದೊಡ್ಡ ನ್ಯಾಯಾಧೀಶ! ಈಗ ನೆನೆಸಿಕೊಂಡರೆ ನನ್ನ ಮೇಲೇ ಉಗಿಯಬೇಕೆನ್ನಿಸುತ್ತದೆ.

ಭಾವನಿಗೆ ಮಾತ್ರ ಕಥೆ ಕಟ್ಟಲು ಬರುತ್ತಿರಲಿಲ್ಲ. ಅಂಬಿಗ ಒಮ್ಮೆ ಪ್ರಯಾಣಿಕರ ಬುತ್ತಿಯಿಂದ ಒಂದು ತುತ್ತು ಕದ್ದು ತಿಂದ, ಒಂದು ಅಂಕ. ಅಂಬಿಗನಿಗೆ ಮಾವನ ಮನೆಗೆ ಹೋಗಲು ಬೇಜಾರು, ಒಂದು ಅಂಕ, ಅದೂ ದಯೆಯಿಂದ. "ಏನು ಭಾವ ಇದು, ಮಣ್ಣಂಗಟ್ಟಿ! ಸ್ವಲ್ಪ ಮನಸ್ಸು ಕಲಕೋ ಹಂಗೆ ಹೇಳಿ," ಎಂದು ಗದರುತ್ತಿದ್ದೆ. "ನಂಗೆ ಇರೋದೇ ಇಷ್ಟು ಮಾರಾಯ, ಎಲ್ಲಿಂದ ತರ್ಲಿ?" ಎಂದು ನಗುತ್ತಿದ್ದರು.

ಒಂದು ಭಾನುವಾರ ಅವರ ಸರದಿ ಬಂದಾಗ ಭಾವ ಅಂಬಿಗನ ಗೊಂಬೆಯನ್ನು ಕೈಗೆತ್ತಿಕೊಂಡರು. ಹಲ್ಲುಕಡ್ಡಿಯ ಹುಟ್ಟು ಅಂಟಿಸಿದ್ದ ಗೊಂಬೆ ಅದು. ಅದನ್ನು ನೋಡುತ್ತಾ ಹೇಳಿದರು: "ದೋಣಿ ನಡೆಸ್ತಾ ನಡೆಸ್ತಾ ಒಮ್ಮೊಮ್ಮೆ ಎಡಗಡೆ ದಡ ಕಾಣೋದಿಲ್ಲ ನಂಗೆ. ಎರಡು ತಿಂಗಳಾಯ್ತು. ಹೆಂಡತಿಗೆ ಹೇಳಿಲ್ಲ. ದೋಣಿ ಯಜಮಾನನಿಗೂ ಹೇಳಿಲ್ಲ. ಒಂದೊಂದು ಸಲಕ್ಕೆ ನಲವತ್ತು ಜನ ಇರ್ತಾರೆ ದೋಣೀಲಿ." ಅಷ್ಟು ಹೇಳಿ ತಲೆಯೆತ್ತಿ ನನ್ನ ಮುಖ ನೋಡಿದರು.

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ಈ ಮನುಷ್ಯ ಮೊದಲ ಬಾರಿ ಒಂದು ಮಾತನ್ನು ಹದವಾಗಿ ಕಟ್ಟಿದ್ದಾರೆ ಅನ್ನಿಸಿತು.

"ಭೇಷ್!" ಎಂದು ಮೇಜು ತಟ್ಟಿದೆ. "ಮೂರು ಅಂಕ ಭಾವ, ಮೂರು! ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?"

ಭಾವ ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ನಕ್ಕು ಗೊಂಬೆಯನ್ನು ಕೆಳಗಿಟ್ಟರು.

ಮುಂದಿನ ವಾರ ನಾನೇ ಕೆದಕಿದೆ. ಕಸುಬುದಾರನಿಗೆ ಒಳ್ಳೆಯ ಅಚ್ಚು ಸಿಕ್ಕರೆ ಬಿಡುತ್ತಾನೆಯೇ? "ಆ ದಡ ಹೇಗೆ ಕಾಣಿಸೋದಿಲ್ಲ ಅಂತ ಬಿಡಿಸಿ ಹೇಳಿ. ಕತ್ತಲಾಗುತ್ತಾ?" ಎಂದೆ. "ಕತ್ತಲಲ್ಲ," ಎಂದರು ಭಾವ. "ಕತ್ತಲಾದ್ರೆ ಗೊತ್ತಾಗುತ್ತಲ್ಲ. ಇದು ಆ ಕಡೆ ಏನೂ ಇಲ್ಲವೇ ಇಲ್ಲ ಅನ್ನೋ ಹಾಗೆ. ನೀರೇ ಇಲ್ಲ, ದಡವೇ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತೆ." ಇನ್ನೂ ಮೂರು ಅಂಕ. ಅದರ ಮುಂದಿನ ವಾರ: "ಮೊನ್ನೆ ಒಂದು ಸಣ್ಣ ದೋಣಿಗೆ ತಾಗಿಸಿಬಿಡ್ತಿದ್ದೆ. ಜನ ಕೂಗಿದ್ರು, ನಿಲ್ಲಿಸಿದೆ. ಅಂಬಿಗ ನೀರು ಕುಡಿದು ಮತ್ತೆ ಹುಟ್ಟು ಹಿಡ್ಕೊಂಡ." ಮತ್ತೆ ಮೂರು. ಅಲ್ಲಿಗೆ ಅಂಬಿಗ ಒಂದು ಹಂತ ಏರಿದ. ಬೇಕರಿ ಕೆಳಗಿಳಿದು ಹೋಗಿ ಒಂದು ಕೇಕು ತಂದ. ಕತ್ತರಿಸಿ ತಿಂದೆವು. ಭಾವನ ಪಾಲಿನದು ಅರ್ಧ ತಟ್ಟೆಯಲ್ಲೇ ಉಳಿದಿತ್ತು.

ಅಂದು ಮೆಟ್ಟಿಲ ಮೇಲೆ ಟೀಚರ್ ನನ್ನನ್ನು ತಡೆದರು. ಭಾವನೂ ಬೇಕರಿಯೂ ಆಗಲೇ ಬೀದಿಗಿಳಿದಿದ್ದರು.

"ಒಂದು ಮಾತು. ಇಷ್ಟು ವರ್ಷದಲ್ಲಿ ಅವರು ಒಂದಾದ್ರೂ ಕಥೆ ಕಟ್ಟಿದ್ದು ನೋಡಿದೀರಾ ನೀವು?"

"ಈಗ ಕಲಿತಿದಾರೆ."

"ಕಲಿತಿದಾರೋ, ಇಲ್ಲಾ..."

"ನಿಯಮ ಏನು ಟೀಚರ್? ಮೇಜು ಬಿಟ್ಟ ಮೇಲೆ ಎತ್ತೋ ಹಾಗಿಲ್ಲ. ನೀವೇ ಮುರಿದ್ರೆ ಹೇಗೆ?" ಎಂದು ಸಿಡುಕಿದೆ.

ನಿಯಮ ಎಂದರೆ ಟೀಚರಿಗೆ ಜೀವ. ಬಾಯಿ ಮುಚ್ಚಿಕೊಂಡು ಇಳಿದುಹೋದರು.

ಅದಾಗಿ ನಾಲ್ಕನೇ ದಿನ ಬೆಳಿಗ್ಗೆ ಏಳೂಕಾಲಿಗೆ, ದೊಡ್ಡ ಅಂಚೆ ಕಚೇರಿಯ ತಿರುವಿನಲ್ಲಿ, ಭಾವನ ಬಸ್ಸು ಎಡಕ್ಕೆ ವಾಲಿ ಫುಟ್‌ಪಾತಿನ ಅಂಚು ಹತ್ತಿತು. ಅಲ್ಲಿ ರಸ್ತೆ ಗುಡಿಸುತ್ತಿದ್ದ ಹೆಂಗಸು ಬಸ್ಸಿನಡಿ ಸಿಕ್ಕಳು. ಬಸ್ಸು ಮುಂದೆ ಹೋಗಿ ಕಂಬಕ್ಕೆ ಗುದ್ದಿ ನಿಂತಿತು. ಹೆಂಗಸು ಅಲ್ಲೇ ತೀರಿಕೊಂಡಳು. ನಲವತ್ತಮೂರು ವರ್ಷವಂತೆ. ಭಾವನ ತಲೆಗೆ ಪೆಟ್ಟಾಗಿತ್ತು. ಪೆಟ್ಟು ನೋಡಲೆಂದು ಆಸ್ಪತ್ರೆಯಲ್ಲಿ ತೆಗೆದ ಚಿತ್ರದಲ್ಲಿ ಬೇರೆಯದೇ ಕಂಡಿತು. ಮಿದುಳಿನ ಹಿಂಭಾಗದಲ್ಲಿ, ಬಲಗಡೆ, ಒಂದು ಗಡ್ಡೆ. ಕಣ್ಣು ಸರಿಯಿದ್ದರೂ ಎಡಗಡೆಯ ನೋಟವನ್ನು ಅದು ತಿಂದುಹಾಕುತ್ತದೆ ಎಂದು ಡಾಕ್ಟರ್ ವಿವರಿಸಿದರು. ಆ ಡಾಕ್ಟರ್ ಹೇಳಿದ್ದರಲ್ಲಿ ನನಗೆ ಹೊಸದು ಒಂದೂ ಇರಲಿಲ್ಲ. ಎಲ್ಲ ನನ್ನ ನೀಲಿ ಪುಸ್ತಕದಲ್ಲಿ ಬರೆದಿತ್ತು.

ಎಲ್ಲರೂ ಅಂದದ್ದು ಒಂದೇ ಮಾತು: ಪಾಪ, ಅವರಿಗಾದರೂ ಏನು ಗೊತ್ತಿತ್ತು? ಡಿಪೋದವರೂ ಅಂದರು, ಬೀದಿಯವರೂ ಅಂದರು. ಅಕ್ಕ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಗೊತ್ತಿದ್ರೆ ಅವರು ಸ್ಟೇರಿಂಗ್ ಮುಟ್ತಿದ್ರಾ? ಗೊತ್ತಿದ್ರೆ ನಂಗೆ ಹೇಳದೆ ಇರ್ತಿದ್ರಾ?" ಬಂದವರಿಗೆಲ್ಲ ಅದನ್ನೇ ಹೇಳುವಳು. ಗೊತ್ತಿರಲಿಲ್ಲ ಎಂದರೆ ಅದು ಕಾಯಿಲೆ, ಯಾರ ತಪ್ಪೂ ಅಲ್ಲ. ಗೊತ್ತಿತ್ತು ಎಂದಾದರೆ ಇಪ್ಪತ್ತಾರು ವರ್ಷದ ಗೀರಿಲ್ಲದ ಹೆಸರು ಕೊಲೆಗಾರನದಾಗುತ್ತದೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗಡ್ಡೆ ತೆಗೆಯುವ ಹಿಂದಿನ ದಿನ ಅಕ್ಕ ಔಷಧಿ ತರಲು ಕೆಳಗೆ ಹೋದಾಗ ನಾನು ಭಾವನ ಪಕ್ಕ ಕೂತೆ. ಬೋಳಿಸಿದ ತಲೆ. ನಾನು ಅವರ ಎಡಕ್ಕೆ ಕೂತಿದ್ದೆ, ಅವರಿಗೆ ಕಾಣಲಿಲ್ಲ. ಎದ್ದು ಬಲಕ್ಕೆ ಹೋಗಿ ಕೂತೆ.

"ನಂಗ್ಯಾಕೆ ಹೇಳ್ಲಿಲ್ಲ ಭಾವ?" ಎಂದೆ. ಕೇಳಬಾರದ ಪ್ರಶ್ನೆ. ಗೊತ್ತಿದ್ದೂ ಕೇಳಿದೆ, ನನ್ನ ಮೈಮೇಲಿಂದ ಇಳಿಸಿಕೊಳ್ಳಲು.

ಭಾವ ನಿಧಾನವಾಗಿ ನನ್ನತ್ತ ಹೊರಳಿದರು. "ಹೇಳಿದ್ನಲ್ಲೋ. ಮೂರು ಸಲ ಹೇಳ್ದೆ. ಒಂಬತ್ತು ಅಂಕ ಕೊಟ್ಟೆ ನೀನು."

ನಾನು ಅವರ ಹೊದಿಕೆಯ ಅಂಚು ಹಿಡಿದುಕೊಂಡೆ.

"ನೇರವಾಗಿ ಹೇಳೋಕೆ ಧೈರ್ಯ ಬರ್ಲಿಲ್ಲ. ಕಣ್ಣು ಹೋಯ್ತು ಅಂದ್ರೆ ಡಿಪೋದಲ್ಲಿ ಒಂದು ಮೂಲೇಲಿ ಸ್ಟೂಲ್ ಹಾಕಿ ಕೂರಿಸ್ತಾರೆ. ರಿಟೈರಾಗೋಕೆ ಒಂದೂವರೆ ವರ್ಷ ಇತ್ತು ಅಷ್ಟೆ. ಆಟದಲ್ಲಿ ಅಂಬಿಗನ ಬಾಯಲ್ಲಿ ಹೇಳ್ದಾಗ ನೀನು ಬೈತೀಯ ಅಂದ್ಕೊಂಡಿದ್ದೆ. ಊರನ್ನೆಲ್ಲ ಬೈತೀಯಲ್ಲ, ಬೈಯೋದ್ರಲ್ಲಿ ಎತ್ತಿದ ಕೈ ನಿಂದು. ಏನ್ ಭಾವ ತಲೆ ಕೆಟ್ಟಿದ್ಯಾ, ನಾಳೆಯಿಂದ ಬಸ್ ಮುಟ್ಟಬೇಡಿ ಅಂತ ಒಂದು ಸಲ ಬೈದಿದ್ರೆ ಬಿಟ್ಟುಬಿಡ್ತಿದ್ದೆ." ಸ್ವಲ್ಪ ಉಸಿರು ತೆಗೆದುಕೊಂಡರು. "ನಿನ್ನ ತಪ್ಪು ಅಂತಲ್ಲ. ಬಸ್ ಓಡಿಸಿದ್ದು ನಾನು."

ನಾನು ಅಳುತ್ತಿದ್ದೆ. ಅವರು ನನ್ನ ಕೈ ಹಿಡಿದರು. "ನಿಮ್ಮಕ್ಕನಿಗೆ ನೀನೇ ಹೇಳು. ನನ್ನ ಕೈಲಿ ಆಗ್ಲಿಲ್ಲ. ಅವಳ ಮುಖ ನೋಡಿದ್ರೆ ಬಾಯಿ ಬರಲ್ಲ. ಹೇಳ್ತೀಯಾ?"

"ಹೂಂ," ಎಂದೆ.

ಹೊರಗೆ ಬಂದರೆ ಅಕ್ಕ ಔಷಧಿಯ ಚೀಲ ಹಿಡಿದು ಎದುರಾದಳು, ಕೇಳಿದಳು, ನಾನು ಇಲ್ಲ ಎಂದೆ. ಅದನ್ನು ಆಗಲೇ ಹೇಳಿದ್ದೇನೆ. "ನಂಗೆ ಗೊತ್ತಿತ್ತು," ಎಂದು ಅಕ್ಕ ನಿಟ್ಟುಸಿರಿಟ್ಟಳು. "ಹೇಳೋದಿದ್ರೆ ಮೊದ್ಲು ನಂಗೇ ಹೇಳ್ತಿದ್ರು." ಆ ಮುಖದಲ್ಲಿ ನಾಲ್ಕು ದಿನದಲ್ಲಿ ಮೊದಲ ಸಲ ಸ್ವಲ್ಪ ನೆಮ್ಮದಿ ಕಂಡಿತು. ಅದನ್ನು ಕಿತ್ತುಕೊಳ್ಳುವುದು ನನ್ನಿಂದಾಗಲಿಲ್ಲ. ಅವಳಿಗೋಸ್ಕರ ಸುಮ್ಮನಾದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಮಾನ ಉಳಿಸಿಕೊಳ್ಳಲು ಸುಮ್ಮನಾದೆ.

ಗಡ್ಡೆ ತೆಗೆದ ಮೇಲೆ ಭಾವ ಮಾತಾಡಲಿಲ್ಲ. ಒಂಬತ್ತನೇ ದಿನ ತೀರಿಕೊಂಡರು.

ಆಮೇಲೆ ವಿಚಾರಣೆ. ಡಿಪೋದ ಒಂದು ಕೋಣೆಗೆ ನಮ್ಮನ್ನೆಲ್ಲ ಕರೆಸಿದರು. ಕನ್ನಡಕದ ಅಧಿಕಾರಿಯೊಬ್ಬರು ಸೌಮ್ಯವಾಗಿಯೇ ಕೇಳಿದರು: ಕಣ್ಣಿನ ತೊಂದರೆ ಬಗ್ಗೆ ಮೃತರು ಯಾರ ಬಳಿಯಾದರೂ ಹೇಳಿಕೊಂಡಿದ್ದರೇ? ನಾನು ಇಲ್ಲ ಎಂದೆ. ಬೇಕರಿ ನೆಲ ನೋಡುತ್ತಾ ಇಲ್ಲ ಎಂದ. ಟೀಚರ್ ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಅವರೂ ಇಲ್ಲ ಎಂದರು. ಮೇಜು ಬಿಟ್ಟೆದ್ದ ಮೇಲೆ ಎತ್ತಬಾರದೆಂದು ನಾನೇ ಮಾಡಿದ ನಿಯಮ, ಎಷ್ಟು ಚೆನ್ನಾಗಿ ಕೆಲಸ ಮಾಡಿತು ನೋಡಿ. ಗೋಡೆಯ ಬದಿಯ ಬೆಂಚಿನ ಮೇಲೆ ಸತ್ತ ಹೆಂಗಸಿನ ಮಗಳು ಕೂತಿದ್ದಳು. ಇಪ್ಪತ್ತು ದಾಟಿರಲಿಕ್ಕಿಲ್ಲ. ತಾಯಿಯ ಕೆಲಸದ ಹಸಿರು ಕೋಟನ್ನು ಮಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾವು ಹೊರಡುವಾಗ ಎದ್ದು ಬಂದು ನನ್ನನ್ನೇ ಕೇಳಿದಳು: "ಅಂಕಲ್, ಅವರಿಗೆ ನಿಜವಾಗ್ಲೂ ಗೊತ್ತಿರಲಿಲ್ವಾ?" "ಇಲ್ಲಮ್ಮ," ಎಂದೆ. ಮೂರನೇ ಸಲ. "ಹಾಗಾದ್ರೆ ಯಾರನ್ನೂ ಬೈಯೋಕೂ ಇಲ್ಲ," ಎಂದಳು ಆ ಹುಡುಗಿ, ಮತ್ತೆ ಹೋಗಿ ಕೂತಳು.

ಟೀಚರೂ ಬೇಕರಿಯೂ ಬರುವುದನ್ನು ನಿಲ್ಲಿಸಿದರು. ನಾನೂ ಕರೆಯಲಿಲ್ಲ. ಭಾನುವಾರವೂ ಕೂತು ಸೆಟ್ಟಿನ ಹಲ್ಲು ಉಜ್ಜುತ್ತಿದ್ದೆ. ಕೆಲಸ ಕೆಡುತ್ತಿತ್ತು. ಒಬ್ಬ ಮುದುಕರ ಸೆಟ್ಟನ್ನು ಎರಡು ಸಲ ವಾಪಸು ಕಳಿಸಿದರು ಡಾಕ್ಟರ್, ಎಡಗಡೆ ಕಚ್ಚುತ್ತಿಲ್ಲವೆಂದು. ಗೊಂಬೆಗಳು ಮೇಜಿನ ಮೇಲೆ ನಿಂತಲ್ಲೇ ನಿಂತು ಪುಡಿ ಹಿಡಿದವು.

ಒಂದು ತಿಂಗಳ ಮೇಲೆ, ಭಾನುವಾರ ಸರಿಯಾಗಿ ಮೂರು ಗಂಟೆಗೆ, ಮೆಟ್ಟಿಲ ಮೇಲೆ ಸದ್ದಾಯಿತು. ಅಕ್ಕ. ಹನ್ನೊಂದು ವರ್ಷದಲ್ಲಿ ಅವಳು ಈ ಕೋಣೆಗೆ ಬಂದದ್ದೇ ಇಲ್ಲ. "ದೊಡ್ಡೋರು ಗೊಂಬೆ ಇಟ್ಕೊಂಡು ಆಡ್ತಾರಂತೆ, ನಾಚಿಕೆ ಇಲ್ಲದೆ," ಎಂದು ಮೂಗು ಮುರಿಯುತ್ತಿದ್ದವಳು. ಒಳಗೆ ಬಂದು ದವಡೆಗಳನ್ನೆಲ್ಲ ಒಂದು ಸುತ್ತು ನೋಡಿದಳು. ಭಾವ ಯಾವ ಸ್ಟೂಲಿನ ಮೇಲೆ ಕೂರುತ್ತಿದ್ದರೆಂದು ಕೇಳಿ ಅದರ ಮೇಲೇ ಕೂತಳು. ಮೊಣಕೈ ಊರಿ ಅಂಬಿಗನ ಗೊಂಬೆಯತ್ತ ನೋಡಿದಳು.

"ಇದಾ?"

"ಹೂಂ."

"ನಿಮ್ಮಾಟದಲ್ಲಿ ಯಾರಿಗೂ ಹೇಳದ ಮಾತು ಹೇಳಿದ್ರೆ ಅಂಕ ಅಂತೆ. ಅವರು ಹೇಳ್ತಿದ್ರು. ನಂಗೆ ಯಾವತ್ತೂ ಒಂದೇ ಅಂಕ ಕಣೇ, ನಿನ್ನ ತಮ್ಮ ಬಲು ಜಿಪುಣ ಅಂತಿದ್ರು." ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನಂದೊಂದಿದೆ. ಬರ್ಕೋ."

"ಅಕ್ಕಾ, ಬೇಡ..."

"ಸುಮ್ನೆ ಕೇಳು. ಕೊನೇ ಎರಡು ತಿಂಗಳು ಅವರು ತಟ್ಟೆಯ ಎಡಗಡೆ ಹಾಕಿದ್ದನ್ನ ಮುಟ್ತಾನೇ ಇರಲಿಲ್ಲ. ಬಲಗಡೆದು ಚೆನ್ನಾಗಿ ತಿನ್ನೋರು, ಎಡಗಡೆ ತರಕಾರಿ ಹಾಗೇ ಇರೋದು. ನನ್ನ ಅಡುಗೆ ಮೇಲೆ ಕೊಂಕು ತೆಗೀತಿದಾರೆ ಅಂದ್ಕೊಂಡೆ. ಸಿಟ್ಟು ಬಂತು. ಒಂದಿನ ಅರ್ಧ ತಿಂದ ಮೇಲೆ ತಟ್ಟೇನೇ ತಿರುಗಿಸಿ ಇಟ್ಟೆ, ಬೇಕಂತ. ಪೂರ್ತಿ ತಿಂದ್ರು. ಆಗ್ಲಾದ್ರೂ ಯಾಕೆ ಅಂತ ಕೇಳ್ಬೇಕಿತ್ತು ತಾನೇ? ಕೇಳ್ಲಿಲ್ಲ. ಆಮೇಲೆ ದಿನಾ ತಿರುಗಿಸಿ ಇಡ್ತಿದ್ದೆ, ಗೆದ್ದೆ ಅಂತ ಒಳಗೊಳಗೇ ನಗ್ತಿದ್ದೆ. ಬಾಗಿಲಿಗೆ ಎಡಭುಜ ಹೊಡ್ಕೊಂಡು ನೀಲಿಗಟ್ಟಿತ್ತು, ಅದನ್ನೂ ನೋಡ್ದೆ. ವಯಸ್ಸಾಯ್ತು, ನಡಿಗೆ ಸರಿಯಿಲ್ಲ ಅಂತ ಅಣಕಿಸ್ದೆ." ಗೊಂಬೆಯ ಹುಟ್ಟನ್ನು ಬೆರಳಿಂದ ನೇರ ಮಾಡಿದಳು. "ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಲಿಲ್ಲ ಅಂತ ಊರಿಗೆಲ್ಲ ಹೇಳ್ತಿದೀನಿ. ನಂಗೆ ಗೊತ್ತಾಗ್ಬೇಕಿತ್ತು. ಎಷ್ಟು ಕೊಡ್ತೀಯ ಇದಕ್ಕೆ?"

ಇವಳು ಒಬ್ಬಳೇ, ಒಂದು ತಿಂಗಳು, ಇದನ್ನು ಹೊತ್ತುಕೊಂಡು ಓಡಾಡಿದ್ದಳು. ತನ್ನೊಬ್ಬಳದೇ ತಪ್ಪು ಎಂದುಕೊಂಡು. ನನ್ನ ಒಂದು ಮಾತು ಅದರಲ್ಲಿ ಅರ್ಧ ಇಳಿಸಬಹುದಿತ್ತು, ನಾನು ಅದನ್ನು ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದ್ದೆ.

ಡ್ರಾಯರ್ ತೆಗೆದೆ. ನೀಲಿ ಪುಸ್ತಕ ತೆಗೆದು ಆ ಪುಟ ಬಿಡಿಸಿ ಅವಳ ಮುಂದಿಟ್ಟೆ.

"ಅವರಿಗೆ ಗೊತ್ತಿತ್ತು ಅಕ್ಕಾ. ನಂಗೆ ಹೇಳಿದ್ರು. ಇಲ್ಲೇ."

ಅಕ್ಕ ಕನ್ನಡಕ ಹಾಕಿಕೊಂಡಳು. ಶಾಲೆಯ ಮಕ್ಕಳಂತೆ ಬೆರಳಿಟ್ಟು ಓದಿದಳು. "ಅಂಬಿಗ. ಎಡಗಡೆ ದಡ ಕಾಣುವುದಿಲ್ಲ. ಎರಡು ತಿಂಗಳು. ಹೆಂಡತಿಗೆ ಹೇಳಿಲ್ಲ. ಮೂರು." ಪುಟ ತಿರುಗಿಸಿದಳು. ಎರಡನೆಯದು ಓದಿದಳು, ಮೂರನೆಯದು ಓದಿದಳು. ಮೂರನೆಯದರ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, ಹಂತ ಏರಿದ ಎಂದು ಬರೆದಿದ್ದೆ.

"ನೀನೇನಂದೆ?"

"ಭೇಷ್ ಅಂದೆ."

ಅವಳು ಬೈಯಲಿ ಎಂದು ಕಾದೆ. ಕಪಾಳಕ್ಕೆ ಹೊಡೆದರೂ ಸರಿ ಎಂದುಕೊಂಡೆ. ಅಕ್ಕ ಬೈಯಲಿಲ್ಲ.

"ನಿಂಗೆ ಅನುಮಾನಾನೂ ಬರ್ಲಿಲ್ವಾ?"

"ಬಂತು. ಎರಡನೇ ವಾರವೇ ಬಂತು. ಕತ್ತಲಲ್ಲ, ಏನೂ ಇಲ್ಲವೇ ಇಲ್ಲ ಅಂದ್ರಲ್ಲ, ಆಗ. ಯಾರೂ ಹಾಗೆ ಕಟ್ಟಿ ಹೇಳೋಕಾಗಲ್ಲ ಅನ್ನಿಸ್ತು." ಈ ಮಾತನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ. "ಕೇಳಿದ್ರೆ ಆಟ ಕೆಡುತ್ತೆ ಅಂತ ಸುಮ್ಮನಾದೆ. ಆಟ ಅಷ್ಟು ಚೆನ್ನಾಗಿ ನಡೀತಿತ್ತು ಅಕ್ಕಾ. ಆಸ್ಪತ್ರೆಯಲ್ಲಿ ನಿಂಗೆ ಹೇಳು ಅಂತ ಅವರೇ ಬೇಡ್ಕೊಂಡಿದ್ರು. ಹೂಂ ಅಂದು ಬಂದು ನಿನ್ನ ಮುಖಕ್ಕೆ ಸುಳ್ಳು ಹೇಳ್ದೆ."

ಅಕ್ಕ ಪುಸ್ತಕ ಮುಚ್ಚಿದಳು. ಮೇಜಿನ ಮೇಲಿನ ಬಿಳಿ ಪುಡಿಯನ್ನು ಅಂಗೈಯಿಂದ ಒಂದು ಕಡೆಗೆ ಒತ್ತಿದಳು, ಮತ್ತೆ ಒತ್ತಿದಳು. ಕೆಳಗಿನ ಅಂಗಡಿಯಲ್ಲಿ ಚಕ್ರ ತಿರುಗಿಸಿ ಬಿಟ್ಟ ಸದ್ದು ಬಂದು ನಿಂತಿತು.

"ಆ ಹುಡುಗಿ ಮನೆ ಎಲ್ಲಿದೆ ಅಂತ ವಿಚಾರಿಸಿದೀನಿ," ಎಂದಳು ಕೊನೆಗೆ. "ನನ್ನ ತಟ್ಟೆ ವಿಷಯ ಹೇಳ್ಬೇಕು ಅಂತಿದ್ದೆ. ನಾಳೆ ಬೆಳಿಗ್ಗೆ ಹೋಗ್ತೀನಿ. ನೀನೂ ಬಾ. ಪುಸ್ತಕ ತಗೊಂಡು ಬಾ. ಅಲ್ಲಿಂದ ಡಿಪೋಗೆ ಹೋಗೋಣ, ಆ ಕನ್ನಡಕದೋರ ಹತ್ರ."

"ಭಾವನ ಹೆಸರು ಕೆಡುತ್ತೆ ಅಕ್ಕಾ."

"ಕೆಡ್ಲಿ," ಎಂದಳು. "ಆ ಮಗುಗೆ ಬೈಯೋಕೆ ಯಾರಾದ್ರೂ ಬೇಡ್ವಾ?"

ಎದ್ದು ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದಳು. ಬೆನ್ನು ನನ್ನ ಕಡೆಗಿತ್ತು. ಹಾಗೇ ನಿಂತು ಕೇಳಿದಳು: "ಆವತ್ತು, ಮೊದಲ್ನೇ ಸಲ ಹೇಳಿ ಮುಗಿಸ್ದಾಗ, ಅವರು ಏನ್ ಮಾಡ್ತಿದ್ರು?"

ಮೂರು ಅಂಕ ಎಂದು ನಾನು ಮೇಜು ತಟ್ಟುವ ಮುಂಚಿನ ಆ ಗಳಿಗೆ ಕಣ್ಣ ಮುಂದೆ ಬಂತು.

"ನನ್ನ ಮುಖ ನೋಡ್ತಾ ಕಾಯ್ತಾ ಇದ್ರು."

ಅಕ್ಕ ತಲೆಯಾಡಿಸಿದಳು. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದಳು.